ಹೆಜ್ಜೆಗಳ ನಡುವಿನ ಹೆಜ್ಜೆ

ಮಗು ಬೆಳೆಯುವುದನ್ನು ಅಳೆಯಲು ನಮ್ಮ ಕಡೆ ಐದಾರು ಮಾತುಗಳಿವೆ. ಕತ್ತು ನಿಂತಿತು, ಬೋರಲು ಬಿತ್ತು, ಕೂತಿತು, ಅಂಬೆಗಾಲಿಟ್ಟಿತು, ಹೊಸ್ತಿಲು ದಾಟಿತು, ನಡೆಯಿತು. ನಲ್ಲಿಯ ಹತ್ತಿರ, ಡೈರಿಯ ಮುಂದೆ, ಮದುವೆ ಮನೆಯ ಊಟದ ಸಾಲಿನಲ್ಲಿ ಹೆಂಗಸರು ಎದುರಾದರೆ ಮೊದಲು ಕೇಳುವುದು ಇದನ್ನೇ: 'ಕೂಸು ಕೂತ್ಕತದಾ? ಹೊಸ್ಲು ದಾಟ್ತಾ?' ಪ್ರೀತಿಯಿಂದ ಕೇಳುವ ಪ್ರಶ್ನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಎರಡು ತಿಂಗಳ ಬದಲು ಎಂಟು ತಿಂಗಳು ತೆಗೆದುಕೊಳ್ಳುವ ಮಗುವಿನ ತಾಯಿಗೆ ಈ ಪ್ರಶ್ನೆಗೆ ಪ್ರತಿಸಲವೂ ಒಂದೇ ಉತ್ತರ: 'ಇನ್ನೂ ಇಲ್ಲ.' ಆ ಎಂಟು ತಿಂಗಳಲ್ಲಿ ಮಗು ಏನೇನು ಮಾಡಿತು ಎಂದು ಹೇಳಲು ಅವಳ ಬಳಿ ಮಾತುಗಳೇ ಇರುವುದಿಲ್ಲ. ಮಾತಿಲ್ಲದ್ದು ನಿಧಾನವಾಗಿ ಕಣ್ಣಿಗೂ ಕಾಣದಂತಾಗುತ್ತದೆ.

ನನ್ನ ಅಕ್ಕನ ಮಗನಿಗೆ ಡೌನ್ ಸಿಂಡ್ರೋಮ್. ಜೀವಕೋಶಗಳಲ್ಲಿ ಇಪ್ಪತ್ತೊಂದನೆಯ ವರ್ಣತಂತು ಎರಡಿರಬೇಕಾದ ಕಡೆ ಮೂರಿರುವುದು, ಅಷ್ಟೇ ಅದರ ಕಾರಣ. ಹುಟ್ಟಿದ ವಾರದಲ್ಲೇ ವೈದ್ಯರಿಗೆ ಅನುಮಾನ ಬಂದಿತ್ತು, ರಕ್ತಪರೀಕ್ಷೆ ಖಚಿತ ಮಾಡಿತು. ಇಂಥ ಮಕ್ಕಳ ಸ್ನಾಯುಗಳಲ್ಲಿ ಬಿಗಿ ಕಡಿಮೆ. ಎತ್ತಿಕೊಂಡರೆ ಕೈಯಿಂದ ಜಾರಿಹೋಗುವಷ್ಟು ಮೆತ್ತಗಿದ್ದ. ಅಕ್ಕನನ್ನು ಕೊಟ್ಟಿರುವುದು ಪಿರಿಯಾಪಟ್ಟಣದಿಂದಾಚೆಯ ಒಂದು ಊರಿಗೆ. ಹೊಗೆಸೊಪ್ಪಿನ ಸೀಮೆ. ಮಳೆಗಾಲ ಮುಗಿಯುವ ಹೊತ್ತಿಗೆ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸಿ ರಾತ್ರಿಯೆಲ್ಲ ಬೆಂಕಿ ಕಾಯುವ ಕೆಲಸ. ಮನೆಯ ಒಂದು ಕೈ ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ.

ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ದೊಡ್ಡವರು ಎಳೆಯ ಮಕ್ಕಳ ಜೊತೆ ಆಡುವ ಕನ್ನಡ. ಬುವ್ವ, ತಾಚಿ, ಜೋಜೋ, ಗುಮ್ಮ, ಅಂಬಾ, ಇವು ನನ್ನ ಪ್ರಬಂಧದ ಪದಗಳು. ಹೇಳಿದರೆ ನಗುವವರೇ ಹೆಚ್ಚು. ಚಾರ್ಲ್ಸ್ ಫರ್ಗ್ಯೂಸನ್ ಎಂಬ ಭಾಷಾವಿಜ್ಞಾನಿ 1964ರಲ್ಲಿ ಮರಾಠಿಯೂ ಸೇರಿದಂತೆ ಆರು ಭಾಷೆಗಳ ಮಕ್ಕಳ ಮಾತನ್ನು ಹೋಲಿಸಿ ಒಂದು ಲೇಖನ ಬರೆದಿದ್ದಾನೆ ಎಂದು ಹೇಳಿ ನಾನು ಮಾನ ಉಳಿಸಿಕೊಳ್ಳುತ್ತೇನೆ. ನನ್ನ ಹಾಸ್ಟೆಲಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಎಲ್ಲೆಲ್ಲಿಂದಲೋ ತಾಯಂದಿರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬೆಳಗಿನ ಬಸ್ಸಿಳಿದು ಅಲ್ಲಿಗೆ ನಡೆಯುವುದನ್ನು ನೋಡಿದ್ದೇನೆ. ಕೆಲವರು ಹತ್ತಿರದಲ್ಲೇ ರೂಮು ಮಾಡಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ.

ಅಕ್ಕನೂ ಹಾಗೆ ಬಂದಿರಬೇಕೆ ಎಂಬುದು ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಅವಳ ಊರಿನಿಂದ ಮೈಸೂರಿಗೆ ಎರಡು ಬಸ್ಸು. ಅರ್ಧ ಗಂಟೆಯ ತರಬೇತಿಗೆ ಇಡೀ ದಿನ ಹೋಗುತ್ತದೆ, ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಸುಸ್ತಾದ ಮಗು ಅಲ್ಲಿ ಕಣ್ಣೇ ಬಿಡುವುದಿಲ್ಲ. ರೂಮು ಮಾಡಿದರೆ ಬಾಡಿಗೆ, ಊರಲ್ಲಿ ಕೂಲಿ, ಎರಡೂ ಮೈಮೇಲೆ. ಭಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನೆಂಟರು ಮಾತ್ರ ತಡಮಾಡದೆ ತೀರ್ಪು ಕೊಟ್ಟರು: 'ಇನ್ನೊಂದ್ ಮೊಗ ಮಾಡ್ಕಳಿ, ಎಲ್ಲ ಸರಿಯಾಯ್ತದೆ.' ಅದನ್ನು ಅಕ್ಕನ ಮುಂದೆ, ಮಗು ಅವಳ ತೊಡೆಯ ಮೇಲಿದ್ದಾಗಲೇ ಹೇಳುತ್ತಿದ್ದರು. ಇರುವ ಮಗುವನ್ನು ಲೆಕ್ಕದಿಂದ ತೆಗೆದುಹಾಕುವ ಮಾತದು. ಅಕ್ಕ ಫೋನಿನಲ್ಲಿ ನನಗೆ ಅದನ್ನೇ ಎರಡು ಸಲ ಹೇಳಿ ಸುಮ್ಮನಾದಳು.

ಮನೆ ಬಾಗಿಲಿಗೆ ಬರುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಹೆರಿಗೆ ಆಸ್ಪತ್ರೆಯಲ್ಲಾದರೆ ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕು. 2018ರಲ್ಲಿ ಶುರುವಾದ ಇನ್ನೊಂದು ಕಾರ್ಯಕ್ರಮದ ಪ್ರಕಾರ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಲ್ಲೂ ಬರಬೇಕು. ಅಕ್ಕನ ಊರಿನ ಆಶಾ ಅಷ್ಟೂ ಸಲ ಬಂದಳು, ತೂಕ ನೋಡಿದಳು, ಊಟ ವಿಚಾರಿಸಿದಳು. ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು, ಬೆಳವಣಿಗೆ ತಡವಾದ ಮಕ್ಕಳನ್ನು ಗುರುತಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತದೆ. ಗುರುತಿಸುವವರಿದ್ದಾರೆ, ಕಳಿಸುವವರಿದ್ದಾರೆ. ಆದರೆ ಆಶಾಳ ಪಟ್ಟಿಯ ಕೊನೆಯ ಭೇಟಿ ಹದಿನೈದನೆಯ ತಿಂಗಳಿಗೆ ಮುಗಿಯುತ್ತದೆ. ನಡೆಯದ, ಮಾತಾಡದ ಮಗುವಿನ ಬಗ್ಗೆ ಮನೆಯವರಿಗೆ ನಿಜವಾದ ದಿಗಿಲು ಹುಟ್ಟುವುದು ಆಗಲೇ.

ನಮ್ಮ ಅದೃಷ್ಟಕ್ಕೆ ಹದಿನಾರನೆಯ ತಿಂಗಳಲ್ಲಿ ಆ ಮನೆಗೆ ಬೇರೊಬ್ಬರು ಬಂದರು.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಜನರ ಬಾಯಲ್ಲಿ ವಿಆರ್‌ಡಬ್ಲ್ಯೂ. ಗೌರವಧನದ ಮೇಲೆ ದುಡಿಯುವ ಇವರು ಸಾಮಾನ್ಯವಾಗಿ ತಾವೇ ಅಂಗವಿಕಲರು. ಅಂಗವೈಕಲ್ಯದ ಕಾರ್ಡು, ಪಿಂಚಣಿ, ಬಸ್ ಪಾಸು, ಸಾಧನ ಸಲಕರಣೆಯ ಅರ್ಜಿ, ಹೆಚ್ಚಾಗಿ ಇವೇ ಇವರ ಕೆಲಸ. ಅಕ್ಕನ ಪಂಚಾಯಿತಿಯ ಕಾರ್ಯಕರ್ತರು ಪೋಲಿಯೋದಿಂದ ಎಡಗಾಲು ಸಣ್ಣಗಾದವರು, ಹಿಂದೆ ಎರಡು ಪುಟ್ಟ ಚಕ್ರ ಕೂಡಿಸಿದ ಸ್ಕೂಟರಿನಲ್ಲಿ ಓಡಾಡುವವರು. ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಚಿಕ್ಕ ಮಕ್ಕಳ ತರಬೇತಿಯ ಬಗ್ಗೆ ಕೆಲವು ವಾರ ಕಲಿತು ಬಂದಿದ್ದರು. ಕಾರ್ಡಿನ ಕಾಗದ ತುಂಬಿಸಲು ಬಂದವರು ಮಗುವನ್ನು ನೋಡಿ, 'ಗುರುವಾರ ಗುರುವಾರ ಒಂದ್ ಗಂಟೆ ಬತ್ತೀನಿ, ಬರ್ಲಾ ತಾಯಿ?' ಎಂದು ಕೇಳಿದರಂತೆ. ಅಕ್ಕ 'ಬನ್ನಿ ಅಣ್ಣ' ಅಂದಳು.

ಅತ್ತೆಗೆ ಹಿಡಿಸಲಿಲ್ಲ. 'ಕಾಲಿಲ್ದೋನು ಬಂದು ನಮ್ ಕೂಸ್ಗೆ ನಡಿಯಾಕ್ ಕಲುಸ್ತಾನಾ?' ಎಂದು ಒಳಗಿನಿಂದಲೇ, ಕೇಳಿಸುವಂತೆ ಅಂದರು. ಅವರು ಬೇಸರ ಮಾಡಿಕೊಳ್ಳಲಿಲ್ಲ. 'ನಡಿಯೋದು ನಂಗೂ ಕಷ್ಟಾನೇ ಕನವ್ವ. ಅದ್ಕೇ ಎಲ್ಲೆಲ್ಲಿ ಬೀಳ್ತರೆ ಅಂತ ಚೆನ್ನಾಗ್ ಗೊತ್ತು' ಎಂದು ನಕ್ಕರು.

ನಾನು ರಜೆಗೆ ಹೋದಾಗ ಎರಡು ಮೂರು ಗುರುವಾರ ಅಲ್ಲಿದ್ದೆ. ಅವರು ತರುತ್ತಿದ್ದುದು ಒಂದು ಫೈಲು, ಒಂದು ಪೆನ್ನು. ಆಟದ ಸಾಮಾನಿಲ್ಲ. ಬಂದವರೇ ಮಗುವನ್ನು ಎತ್ತಿಕೊಳ್ಳುತ್ತಲೂ ಇರಲಿಲ್ಲ. ಜಗಲಿಯ ಮೇಲೆ ಕೂತು, ಅಕ್ಕ ಕೊಟ್ಟ ಕಾಫಿ ಕುಡಿಯುತ್ತ, ಹಿಂದಿನ ವಾರ ಕೊಟ್ಟ ಕೆಲಸ ಮಗು ಹೇಗೆ ಮಾಡುತ್ತಾನೆಂದು ನೋಡುತ್ತಿದ್ದರು. ಆಮೇಲೆ ಮುಂದಿನದನ್ನು ತಾವು ಒಮ್ಮೆ ಮಾಡಿ ತೋರಿಸುವರು, ಅಕ್ಕನಿಂದ ತಮ್ಮೆದುರೇ ಮಾಡಿಸುವರು, ಒಂದು ಹಾಳೆಯಲ್ಲಿ ಬರೆಯುವರು. 'ಬೋರಲು ಮಲಗಿ ಎರಡೂ ಕೈ ಊರಿದಾಗ, ಮುಂದೆ ಇಟ್ಟ ಲೋಟಕ್ಕೆ ಒಂದು ಕೈ ಚಾಚಬೇಕು. ಇನ್ನೊಂದು ಕೈ ನೆಲದ ಮೇಲೇ ಇರಬೇಕು. ದಿನಕ್ಕೆ ಐದು ಸಲ.' ಹಾಳೆಯಲ್ಲಿ ಏಳು ದಿನದ ಮನೆಗಳು. ಮಾಡಿದರೆ ಸರಿ ಗುರುತು, ಕೈ ಹಿಡಿದು ಮಾಡಿಸಿದರೆ ಅದಕ್ಕೊಂದು ಗುರುತು. ಅಂಬೆಗಾಲು ಎಂಬ ಒಂದೇ ಪದದ ಒಳಗೆ ಇಂಥ ಎಷ್ಟೊಂದು ಸಣ್ಣ ಕೆಲಸಗಳಿವೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಇರಲಿಲ್ಲ, ಉಳಿದ ಮಕ್ಕಳು ಅವನ್ನೆಲ್ಲ ನಮಗೆ ಹೇಳದೆಯೇ ದಾಟಿಬಿಡುತ್ತವೆ.

ಊಟ ಕಲಿಸಿದ ರೀತಿ ನನಗೆ ಇನ್ನೂ ಇಷ್ಟವಾಯಿತು. ತಟ್ಟೆಯಿಂದ ಬಾಯಿಯವರೆಗಿನ ದಾರಿಯನ್ನು ಮೊದಲಿಂದ ಕಲಿಸಬೇಡಿ, ಕೊನೆಯಿಂದ ಕಲಿಸಿ ಎಂದರು. ಅಕ್ಕ ಮಗುವಿನ ಕೈ ಹಿಡಿದು ಅನ್ನ ತೆಗೆಸಿ, ಮೇಲೆತ್ತಿಸಿ, ತುಟಿಯ ಹತ್ತಿರ ತಂದು ಕೈ ಬಿಡಬೇಕು. ಕೊನೆಯ ಒಂದು ಅಂಗುಲ ಮಾತ್ರ ಅವನದು. ಅದು ಬಂದ ಮೇಲೆ ಎರಡು ಅಂಗುಲ. ಹೀಗೆ ಮಾಡಿದರೆ ಪ್ರತಿ ತುತ್ತಿನ ಗೆಲುವೂ ಅವನಿಗೇ ಸಿಗುತ್ತದೆ, ಸೋತು ಕೈಬಿಡುವ ಪ್ರಸಂಗ ಬರುವುದಿಲ್ಲ.

ಸಂಶೋಧನಾ ವಿದ್ಯಾರ್ಥಿಗಳಿಗೆ ಏನಾದರೂ ಹೊಸದು ಕಂಡರೆ ಅದರ ಮೂಲ ಹುಡುಕುವ ಕಾಯಿಲೆಯಿರುತ್ತದೆ. ಅವರ ಫೈಲಿನ ಮೂಲೆಯಲ್ಲಿದ್ದ 'ಪೋರ್ಟೇಜ್' ಎಂಬ ಪದ ಹಿಡಿದು ನಾನು ಮೈಸೂರಿಗೆ ಬಂದು ಹುಡುಕಿದೆ. ಅದು ಒಂದು ಊರಿನ ಹೆಸರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರು. 1969ರಲ್ಲಿ ಅಲ್ಲಿನ ಹಳ್ಳಿಗಳ ವಿಶೇಷ ಅಗತ್ಯದ ಪುಟ್ಟ ಮಕ್ಕಳಿಗಾಗಿ ಒಂದು ಯೋಜನೆ ಶುರುವಾಯಿತು. ತೋಟದ ಮನೆಗಳು ದೂರದೂರ, ಮಕ್ಕಳನ್ನೆಲ್ಲ ಒಂದು ತರಗತಿಗೆ ತರುವುದು ಆಗದ ಮಾತು. ಹಾಗಾದರೆ ತರಗತಿಯೇ ಬೇಡ, ವಾರಕ್ಕೊಮ್ಮೆ ಶಿಕ್ಷಕರು ಮನೆಗೆ ಹೋಗಲಿ, ಕಲಿಸುವವರು ತಂದೆತಾಯಿಯರೇ ಆಗಲಿ ಎಂದು ನಿರ್ಧರಿಸಿದರು. ಅದನ್ನು ನಡೆಸಿದವರಲ್ಲಿ ಡೇವಿಡ್ ಶಿಯರರ್ ಮತ್ತು ಮಾರ್ಷಾ ಶಿಯರರ್ 1972ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಕ್ರಮ ಹೊರಗಿನವರಿಗೆ ತಿಳಿಯಿತು. ಹುಟ್ಟಿನಿಂದ ಆರು ವರ್ಷದವರೆಗಿನ ಬೆಳವಣಿಗೆಯನ್ನು ಅವರು ಸಣ್ಣ ಸಣ್ಣ ಕೆಲಸಗಳಾಗಿ ಒಡೆದರು. 1976ರ ಪರಿಷ್ಕೃತ ಪಟ್ಟಿಯಲ್ಲಿ ಅಂಥವು 580 ಇವೆ. ಊರಿನ ಐದಾರು ಮಾತುಗಳೆಲ್ಲಿ, ಈ 580 ಎಲ್ಲಿ! ಎಪ್ಪತ್ತರ ದಶಕದಲ್ಲೇ ಇದು ಇಂಗ್ಲೆಂಡಿಗೆ ಹೋಯಿತು, ಜಮೈಕಾಕ್ಕೆ ಹೋಯಿತು, ಹಲವು ಭಾಷೆಗಳಿಗೆ ಅನುವಾದವಾಯಿತು, ಭಾರತದ ಸಂಸ್ಥೆಗಳೂ ಬಳಸಿದವು. ಹಾಗೆ ಕೈ ಬದಲಾಗುತ್ತ, ತಿದ್ದಿಸಿಕೊಳ್ಳುತ್ತ, ನಾಲ್ಕಾರು ಹಾಳೆಯಾಗಿ ಆ ಸ್ಕೂಟರಿನ ಡಿಕ್ಕಿಯೊಳಗೆ ಬಂದಿತ್ತು.

ಆ ಊರಿಗೆ ಆ ಹೆಸರೇಕೆ ಬಂತೆಂಬುದೂ ಚೆನ್ನಾಗಿದೆ. ಫಾಕ್ಸ್ ಮತ್ತು ವಿಸ್ಕಾನ್ಸಿನ್ ಎಂಬ ಎರಡು ನದಿಗಳು ಅಲ್ಲಿ ಹತ್ತಿರ ಹತ್ತಿರ ಬರುತ್ತವೆ, ಕೂಡುವುದಿಲ್ಲ. ಹಿಂದಿನ ಕಾಲದ ಪ್ರಯಾಣಿಕರು ಒಂದು ನದಿಯಲ್ಲಿ ದೋಣಿಯಿಂದಿಳಿದು, ದೋಣಿಯನ್ನೇ ಹೆಗಲ ಮೇಲೆ ಹೊತ್ತು ನೆಲದ ಮೇಲೆ ನಡೆದು ಇನ್ನೊಂದಕ್ಕೆ ಇಳಿಸುತ್ತಿದ್ದರು. ಹಾಗೆ ಹೊತ್ತು ಸಾಗಿಸುವುದಕ್ಕೆ ಫ್ರೆಂಚ್ ಪದ ಪೋರ್ಟೇಜ್. ಯೋಜನೆಗೆ ಈ ಹೆಸರು ಬಂದದ್ದು ಊರಿನಿಂದ, ಅರ್ಥದಿಂದಲ್ಲ. ಆದರೂ ಅಕ್ಕನಿಗೆ ಈ ಕತೆ ಹೇಳಿದಾಗ ಅವಳು, 'ಹೊರೋದು ಸರಿ, ಯಾವಾಗಲೂ ಹೊತ್ಕೊಂಡೇ ಇರೋ ಹಂಗಿಲ್ಲವಲ್ಲ, ಇಳಿಸ್ಬೇಕು' ಅಂದಳು.

ಫೈಲಿನ ಪಟ್ಟಿ ಕನ್ನಡದಲ್ಲೇ ಇತ್ತು. ಆದರೆ ಅದು ಕಚೇರಿಯ ಕನ್ನಡ. 'ಸೂಕ್ಷ್ಮ ಚಲನಾ ಕೌಶಲ', 'ಸ್ವಸಹಾಯ ವರ್ತನೆ' ಎಂಬ ಪದಗಳ ಮುಂದೆ ಪಿಯುಸಿ ಓದಿದ ಅಕ್ಕ ಕೈಕಟ್ಟಿ ಕೂರುತ್ತಿದ್ದಳು. ಒಂದು ದಸರಾ ರಜೆಯಲ್ಲಿ ನಾವಿಬ್ಬರೂ ಸೊಪ್ಪು ಕಟ್ಟುತ್ತಲೇ ಆ ಪಟ್ಟಿಯನ್ನು ಮನೆಯ ಮಾತಿಗೆ ತಿರುಗಿಸಿದೆವು. ಅವಳು ಹೇಳಿದಳು, ನಾನು ಬರೆದೆ. 'ಕಡ್ಲೆಪುರಿ ಒಂದೊಂದೇ ಹೆಬ್ಬೆಟ್ಟು ತೋರುಬೆರಳಲ್ಲಿ ಹೆಕ್ತಾನಾ?' 'ಬೆಂಕಿಪೊಟ್ಟಣ ಮೂರು ಒಂದ್ರ ಮೇಲೊಂದು ಇಡ್ತಾನಾ?' 'ಸೆರಗಿನಲ್ಲಿ ಬಚ್ಚಿಟ್ಟ ಚಮಚ ಹುಡುಕ್ತಾನಾ?' ಕೆಲಸದ ಹೆಂಗಸರೂ ಸೇರಿಕೊಂಡರು. ಒಬ್ಬಾಕೆ, 'ನಮ್ ಹೈಕ್ಳು ಇದ್ನೆಲ್ಲ ಯಾವಾಗ್ ಮಾಡ್ದೋ ನಾವ್ ನೋಡ್ನೇ ಇಲ್ವಲ್ಲವ್ವ' ಎಂದು ಬೆರಗಾದಳು. ಆ ಹಾಳೆಗಳನ್ನು ಕಾರ್ಯಕರ್ತರು ಜೆರಾಕ್ಸ್ ಮಾಡಿಸಿಕೊಂಡು ಹೋದರು. ನಾನು ಬರೆದದ್ದರಲ್ಲಿ ಅತಿ ಹೆಚ್ಚು ಓದುಗರಿರುವುದು ಬಹುಶಃ ಅದಕ್ಕೇ.

ಮಾತಿನ ವಿಷಯಕ್ಕೆ ಬಂದಾಗ ಅವರು ಹೇಳಿದ್ದು ಒಂದೇ ಉಪಾಯ: ಕೇಳಿ, ಕಾಯಿರಿ. 'ಬುವ್ವ ಬೇಕಾ?' ಎಂದು ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಈ ಮಕ್ಕಳಿಗೆ ಅರ್ಥವಾಗುವುದು ಬೇಗ, ಬಾಯಿಗೆ ಬರುವುದು ನಿಧಾನ, ಆ ನಡುವಿನ ಹೊತ್ತನ್ನು ನಾವು ತುಂಬಿಬಿಡುತ್ತೇವೆ. ಮಾತಿನ ಜೊತೆ ಕೈಯನ್ನು ಬಾಯಿಗೆ ತಂದು ಸನ್ನೆಯನ್ನೂ ಮಾಡಿ, ಸನ್ನೆಯಿಂದ ಮಾತು ಕೆಡುವುದಿಲ್ಲ ಎಂದರು. ನನ್ನ ಪ್ರಬಂಧಕ್ಕಾಗಿ ಧ್ವನಿಮುದ್ರಿಸಿಕೊಂಡ ಮನೆಗಳಲ್ಲೂ ನಾನು ಕೇಳಿದ್ದು ಇದನ್ನೇ. ದೊಡ್ಡವರು ಪ್ರಶ್ನೆ ಕೇಳುತ್ತಾರೆ, ಉಸಿರು ಬಿಡುವುದರೊಳಗೆ ಉತ್ತರವನ್ನೂ ತಾವೇ ಹೇಳುತ್ತಾರೆ. ಬುವ್ವ, ಅಂಬಾ, ಅಮ್ಮ ಎಂಬ ಪದಗಳಲ್ಲಿ ಎರಡು ತುಟಿ ಸೇರುವುದು ಕಣ್ಣಿಗೆ ಕಾಣುತ್ತದೆ, ನೋಡಿ ಅನುಕರಿಸಲು ಸುಲಭ. ನಮ್ಮ ಅಜ್ಜಿಯರು ಮಾಡಿಟ್ಟ ಪದಗಳು ಎಷ್ಟು ಹದವಾಗಿವೆ ಎಂದು ನಾನು ಪುಟಗಟ್ಟಲೆ ಬರೆದಿದ್ದೇನೆ. ಆ ಪದ ಮಗುವಿನ ಬಾಯಿಂದ ಬರಬೇಕಾದರೆ ಅದರ ಪಕ್ಕದಲ್ಲಿ ಹತ್ತು ಎಣಿಕೆಯ ಮೌನವೂ ಬೇಕು. ಅತ್ತೆಗೆ ಮೂರರ ಮೇಲೆ ಎಣಿಸಲು ತಡೆಯುತ್ತಿರಲಿಲ್ಲ. ಒಂದು ಸಂಜೆ ಅಕ್ಕ ಅವರ ಕೈ ಹಿಡಿದು ತಡೆದಳಂತೆ. ಎಂಟಕ್ಕೋ ಒಂಬತ್ತಕ್ಕೋ ಮಗು ತುಟಿ ಕೂಡಿಸಿ 'ಬು' ಅಂದ.

ಇಪ್ಪತ್ತನೆಯ ತಿಂಗಳಲ್ಲಿ ಅವನು ಅಂಬೆಗಾಲಿನಲ್ಲಿ ಹೊಸ್ತಿಲು ದಾಟಿದ. ಆ ಮನೆಯ ಪದ್ಧತಿಯಂತೆ ಅತ್ತೆ ಹೊಸ್ತಿಲ ಮೇಲೆ ತೆಂಗಿನಕಾಯಿ ಒಡೆದು ಸಿಹಿ ಹಂಚಿದರು. ಒಂದು ಪಾಲನ್ನು ಗುರುವಾರಕ್ಕೆಂದು ಎತ್ತಿಟ್ಟರು. ನಡೆಯಲು ಇನ್ನೂ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ನಲ್ಲಿಯ ಹತ್ತಿರ ಯಾರಾದರೂ 'ನಡಿತಾನಾ?' ಎಂದರೆ ಅತ್ತೆ 'ಇನ್ನೂ ಇಲ್ಲ' ಅನ್ನುತ್ತಿರಲಿಲ್ಲ. 'ಕಿಟಕಿ ಕಂಬಿ ಹಿಡ್ಕಂಡ್ ಎದ್ದು ನಿಂತ್ಕತನೆ', 'ಗ್ವಾಡೆ ಹಿಡ್ಕಂಡ್ ಅಡ್ಡಡ್ಡ ನಾಕ್ ಹೆಜ್ಜೆ ಹಾಕ್ತನೆ' ಅನ್ನುತ್ತಿದ್ದರು. ನನ್ನ ಮಟ್ಟಿಗೆ ಆ ಭೇಟಿಗಳು ಕೊಟ್ಟ ಅತಿ ದೊಡ್ಡ ಫಲ ಇದು. ಅಕ್ಕಪಕ್ಕದ ಮಗುವಿಗೆ ಹೋಲಿಸಿ ಅಳೆಯುತ್ತಿದ್ದ ಮನೆ, ಅದೇ ಮಗುವಿನ ಹಿಂದಿನ ವಾರಕ್ಕೆ ಹೋಲಿಸಿ ಅಳೆಯಲು ಕಲಿಯಿತು. ಅಳತೆ ಸಣ್ಣದಾಯಿತು, ಅದಕ್ಕೇ ಮಗು ಕಾಣಿಸಿದ.

ಇದರಲ್ಲಿ ಎಲ್ಲವೂ ಸಿಹಿಯಲ್ಲ. ವಾರದಲ್ಲಿ 168 ಗಂಟೆ, ಬರುವವರದು ಒಂದು, ಉಳಿದ 167 ಯಾರವು? 'ತಂದೆತಾಯಿಯರೇ ಶಿಕ್ಷಕರು' ಎಂಬ ಮಾತು ನಮ್ಮ ಮನೆಗಳಿಗೆ ಬಂದಾಗ ತಂದೆ ಎಂಬ ಪದ ಬಾಗಿಲಲ್ಲೇ ಉದುರಿಹೋಗುತ್ತದೆ. ಅಡುಗೆ, ದನ, ಸೊಪ್ಪು, ಅದರ ಮೇಲೆ ದಿನಕ್ಕೆ ಐದೈದು ಸಲದ ಪಾಠ. ಗುರುತು ಹಾಕದ ಮನೆಗಳು ಹಾಳೆಯಲ್ಲಿ ಉಳಿದರೆ ಅಕ್ಕನಿಗೆ ಪರೀಕ್ಷೆಯಲ್ಲಿ ಫೇಲಾದಂತೆ. ಬ್ಯಾರನ್ ಕಾಲದಲ್ಲಿ ಒಂದು ಗುರುವಾರ ಅವಳು ಹಾಳೆ ಮುಚ್ಚಿಟ್ಟು ಅತ್ತದ್ದೂ ಉಂಟು. ಕಾರ್ಯಕರ್ತರು ಆ ವಾರ ಹೊಸ ಕೆಲಸ ಕೊಡಲಿಲ್ಲ. ಮುಂದಿನ ವಾರ ಭಾವ ಮನೆಯಲ್ಲಿರುವ ಹೊತ್ತು ನೋಡಿಕೊಂಡು ಸಂಜೆ ಬಂದರು, ಅಂಗಿ ಬಿಚ್ಚುವುದು, ಸ್ನಾನ, ಚಪ್ಪಲಿ ಹಾಕುವುದು, ಈ ಮೂರನ್ನೂ ಅವರ ಹೆಸರಿಗೆ ಬರೆದರು. ಭಾವ ನಾಚುತ್ತಲೇ ಶುರುಮಾಡಿದರು. ಎಲ್ಲ ಮನೆಗಳಲ್ಲೂ ಹೀಗಾಗುತ್ತದೆಂದು ಹೇಳಲಾರೆ. ಬರುವ ವ್ಯಕ್ತಿಗೆ ಮನೆಯ ಆಯಾಸವನ್ನು ಓದುವ ಕಣ್ಣಿಲ್ಲದಿದ್ದರೆ ಈ ನೆರವು ತಾಯಿಯ ತಲೆಯ ಮೇಲಿನ ಇನ್ನೊಂದು ಹೊರೆಯಷ್ಟೇ.

ಇಂಥ ಭೇಟಿಗಳಿಂದ ಏನು ಲಾಭ ಎಂದು ಕೇಳುವವರಿಗೆ ಸಂಶೋಧನೆ ಒಂದು ಗಟ್ಟಿ ಉದಾಹರಣೆ ಕೊಡುತ್ತದೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986-87ರಲ್ಲಿ, ಪೌಷ್ಟಿಕತೆಯ ಕೊರತೆಯಿಂದ ಕುಳ್ಳಗುಳಿದ 129 ಎಳೆಯ ಮಕ್ಕಳನ್ನು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಅಧ್ಯಯನಕ್ಕೆ ತೆಗೆದುಕೊಂಡರು. ಕೆಲವು ಮಕ್ಕಳ ಮನೆಗೆ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ, ವಾರಕ್ಕೊಂದು ಗಂಟೆ ಹೋಗಿ, ಮನೆಯಲ್ಲೇ ಮಾಡಬಹುದಾದ ಆಟಿಕೆಗಳೊಂದಿಗೆ ತಾಯಿ ಮಗುವನ್ನು ಆಡಿಸಲು ನೆರವಾದರು. ಇಪ್ಪತ್ತು ವರ್ಷದ ನಂತರ ಆ ಗುಂಪಿನವರ ಸಂಪಾದನೆ, ಭೇಟಿ ಸಿಗದವರಿಗಿಂತ ಶೇ. 25ರಷ್ಟು ಹೆಚ್ಚಿತ್ತೆಂದು 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸರ್ಕಾರಗಳನ್ನು ಒಪ್ಪಿಸಲು ಈ ಅಂಕಿ ಬೇಕು, ನಾನೂ ಸಿಕ್ಕ ಕಡೆ ಹೇಳುತ್ತೇನೆ. ಆದರೆ ನಮ್ಮ ಹುಡುಗ ನಾಳೆ ಎಷ್ಟು ಸಂಪಾದಿಸುತ್ತಾನೋ, ಸಂಪಾದಿಸುತ್ತಾನೋ ಇಲ್ಲವೋ. ಅವನ ಮೂರನೆಯ ವರ್ಣತಂತು ಎಲ್ಲಿಗೂ ಹೋಗುವುದಿಲ್ಲ. 'ಸರಿ ಹೋಯ್ತಾನಾ?' ಎಂದು ಕೇಳಿದವರಿಗೆ ಕಾರ್ಯಕರ್ತರು, 'ಅವನು ಕೆಟ್ಟಿದ್ರೆ ತಾನೇ ಸರಿ ಹೋಗಾಕೆ' ಅನ್ನುತ್ತಿದ್ದರು. ಅವನು ತನ್ನ ಕೈಯಿಂದ ಉಣ್ಣುತ್ತಾನೆ, ಬೇಡವಾದದ್ದನ್ನು ಬೇಡ ಎಂದು ಹೇಳುತ್ತಾನೆ, ಅಪ್ಪ ಬಂದರೆ ಚಪ್ಪಲಿ ತಂದಿಡುತ್ತಾನೆ. ಯಾವ ಕೋಷ್ಟಕಕ್ಕೂ ಸೇರದ ಈ ಲಾಭಗಳಿಗಾಗಿಯೂ ಒಬ್ಬರು ವಾರಕ್ಕೊಮ್ಮೆ ಬರಬಹುದು, ಬರಬೇಕು ಎಂಬುದು ನನ್ನ ವಾದ.

ಆದರೆ ಬರುವವರು ನಮ್ಮಲ್ಲಿ ಹೆಚ್ಚು ದಿನ ಬರಲಾಗುವುದಿಲ್ಲ. ಒಂದು ಪಂಚಾಯಿತಿಗೆ ಹಲವು ಊರು, ಸಮೀಕ್ಷೆ, ಕಾರ್ಡು, ಪಿಂಚಣಿ, ಸಭೆ. ಗುರುವಾರಗಳು ಹದಿನೈದು ದಿನಕ್ಕೊಮ್ಮೆಯಾಗಿ, ತಿಂಗಳಿಗೊಮ್ಮೆಯಾದವು. 2024ರಲ್ಲಿ ಕೇಂದ್ರ ಸರ್ಕಾರ 'ನವಚೇತನ' ಎಂಬ ಹೆಸರಿನಲ್ಲಿ ಮೂರು ವರ್ಷದೊಳಗಿನ ಮಕ್ಕಳ ಬೆಳವಣಿಗೆಗಾಗಿ ಒಂದು ಚೌಕಟ್ಟು ಹೊರತಂದಿದೆ, ತಿಂಗಳು ತಿಂಗಳಿಗೆ ಮಾಡಬೇಕಾದ ಚಟುವಟಿಕೆಗಳೂ ಅದರಲ್ಲಿವೆ. ಒಳ್ಳೆಯದು. ಆದರೆ ಚೌಕಟ್ಟನ್ನು ಮನೆಯ ಹೊಸ್ತಿಲು ದಾಟಿಸುವುದು ಯಾರೋ ಒಬ್ಬರ ಕಾಲು, ಆ ಕಾಲಿಗೆ ಬೇಕಾದ ಪೆಟ್ರೋಲು ಮತ್ತು ಹೊತ್ತು.

ಅವನಿಗೆ ಈಗ ಮೂರೂವರೆ. ಅಂಗನವಾಡಿಗೆ ಹೋಗುತ್ತಾನೆ. ಎರಡು ಊರಿನಾಚೆ ಇನ್ನೊಬ್ಬ ತಾಯಿ ಇದ್ದಾಳೆ, ಅವಳ ಮಗಳಿಗೆ ಒಂದೂಕಾಲು ವರ್ಷ, ಇನ್ನೂ ಕೂತಿಲ್ಲ. ಕಾರ್ಯಕರ್ತರು ಒಂದು ಭಾನುವಾರ ಅಕ್ಕನನ್ನು ಅಲ್ಲಿಗೆ ಕಳಿಸಿದರು, ಫೈಲಿನ ಬದಲು ನಮ್ಮ ಜೆರಾಕ್ಸ್ ಹಾಳೆ ಕೊಟ್ಟು. ಜೊತೆಗೆ ನಾನೂ ಇದ್ದೆ. ಆ ಹೆಂಗಸು ಯಾರೋ ಅಧಿಕಾರಿ ಬಂದರೆಂದು ಚಾಪೆ ಹಾಸಿ, ಮಗುವಿಗೆ ಹೊಸ ಫ್ರಾಕು ತೊಡಿಸಿ, ಕೇಳುವ ಮೊದಲೇ ತಪ್ಪೊಪ್ಪಿಕೊಳ್ಳುವವಳ ಹಾಗೆ 'ಏನೂ ಮಾಡಾಕಿಲ್ಲ ಅಕ್ಕ, ಇನ್ನೂ ಕೂರದೂ ಇಲ್ಲ' ಅಂದಳು. ಅಕ್ಕ ಚಾಪೆಯ ಅಂಚಿಗೆ ಕೂತು ಕೇಳಿದಳು: 'ಅದಿರ್ಲಿ ಕನವ್ವ. ಹೋದ ವಾರ ಮಾಡ್ದೆ ಇದ್ದಿದ್ದು, ಈ ವಾರ ಏನ್ ಮಾಡುದ್ಲು?'

ಆಕೆ ಬಹಳ ಹೊತ್ತು ಯೋಚಿಸಿದಳು. ಅಕ್ಕ ಸುಮ್ಮನೆ ಕಾದಳು, ಹತ್ತಕ್ಕಿಂತ ಹೆಚ್ಚೇ ಎಣಿಸಿರಬೇಕು. ಆಮೇಲೆ ಆ ಹೆಂಗಸು, ತನಗೇ ನಂಬಿಕೆಯಿಲ್ಲದವಳಂತೆ, 'ಬಳೆ ಸದ್ದಾದ್ರೆ ಕತ್ತು ತಿರುಗುಸ್ತಾಳೆ' ಅಂದಳು. ಅಕ್ಕ ಹಾಳೆ ತೆಗೆದು ಅದನ್ನು ಮೊದಲ ಸಾಲಿನಲ್ಲಿ ಬರೆದಳು.